ಅಪ್ಪನ ಡಿಸೆಬಿಲಿಟಿ ಪೆನ್ಷನ್ ಅರ್ಜಿ ವಜಾ ಆಗಿ ಎರಡು ವರ್ಷವಾಯಿತು, ಈಗ ಅಪೀಲು ಹಾಕಬಹುದಾ?

ಹಾಕಬಹುದು ತಂಗಿ. ತಡವಾಗಿದೆ ನಿಜ, ಆದರೆ ಕೈಮೀರಿ ಹೋಗಿಲ್ಲ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ತಂದೆಯವರು ಸೇನೆಯಲ್ಲಿ ನಾಯಕ್ ಆಗಿ 22 ವರ್ಷ ಸೇವೆ ಮುಗಿಸಿ 2021ರಲ್ಲಿ ಊರಿಗೆ ಬಂದರು. ಬಿ.ಪಿ. ಇದ್ದದ್ದರಿಂದ ಲೋ ಮೆಡಿಕಲ್ ಕ್ಯಾಟಗರಿಯಲ್ಲಿದ್ದರು, ಅಂದರೆ ಆರೋಗ್ಯ ಪೂರ್ತಿ ಸರಿಯಿಲ್ಲದವರ ದರ್ಜೆ. ಸೇವೆ ಬಿಡುವಾಗ ತಪಾಸಣೆ ಮಾಡಿದ ಸೇನೆಯ ವೈದ್ಯರ ಬೋರ್ಡ್ ಅಂಗವೈಕಲ್ಯ 30% ಅಂತ ಬರೆಯಿತು. ಆಮೇಲೆ ಬಂದದ್ದು ಒಂದೇ ಸಾಲು: ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆದದ್ದೂ ಅಲ್ಲ. ನನಗೂ ಇದೇ ಸಾಲು ಬಂದಿತ್ತು. ನಾನು ಹವಾಲ್ದಾರ್ ಆಗಿ ನಿವೃತ್ತನಾದವನು, ನನ್ನದೂ ಬಿ.ಪಿ.ಯೇ. ಆ ಪತ್ರ ಓದಿದ ದಿನ ಊಟ ಸೇರಿರಲಿಲ್ಲ. ನಿಮ್ಮ ತಂದೆ ಎರಡು ವರ್ಷ ಅದನ್ನು ಟ್ರಂಕಿನಲ್ಲಿ ಇಟ್ಟು ಸುಮ್ಮನಿದ್ದರು ಅಂದಿರಲ್ಲ, ಅದು ನನಗೆ ಅರ್ಥವಾಗುತ್ತದೆ. ಅವರನ್ನು ಬೈಯಬೇಡಿ.

ನಾನು ಮಾಡಿದ ತಪ್ಪು ಮೊದಲು ಹೇಳುತ್ತೇನೆ. ಮೊದಲನೇ ಅಪೀಲಿನಲ್ಲಿ ನಾಲ್ಕು ಪುಟ ಬರೆದೆ. ಎಷ್ಟು ವರ್ಷ ದುಡಿದೆ, ಎಲ್ಲೆಲ್ಲಿ ಇದ್ದೆ, ಮಕ್ಕಳ ಓದು, ಮನೆ ಸಾಲ, ಎಲ್ಲ ಬರೆದೆ. ಬೋರ್ಡ್ ಯಾವ ಕಾರಣ ಕೊಟ್ಟಿದೆ ಎಂದು ಮಾತ್ರ ನೋಡಿರಲಿಲ್ಲ. ಅದೂ ವಜಾ ಆಯಿತು. ಆಮೇಲೆ ಹಿರಿಯ ಸುಬೇದಾರ್ ಒಬ್ಬರು ಕೇಳಿದರು, "ಬೋರ್ಡ್ ಕಾಗದ ಎಲ್ಲಿದೆ?" ನನ್ನ ಹತ್ತಿರ ಇರಲೇ ಇಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ ಅದೇ. ಸೇವೆ ಬಿಡುವಾಗಿನ ಆ ಬೋರ್ಡ್‌ನ, ಅಂದರೆ ರಿಲೀಸ್ ಮೆಡಿಕಲ್ ಬೋರ್ಡ್‌ನ, ವರದಿಯ ಪೂರ್ತಿ ಪ್ರತಿ ಬೇಕು. ತಂದೆಯವರ ಸೇವಾ ದಾಖಲೆ ಇಟ್ಟಿರುವ ಸೇನೆಯ ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ನಿಮ್ಮ ಹೆಸರಲ್ಲಿ ಬೇಡ, ತಂದೆಯವರ ಹೆಸರಲ್ಲೇ ಇರಲಿ, ಸಹಿಯೂ ಅವರದೇ. ಪೋಸ್ಟಿಂಗ್ ವಿವರ ಮತ್ತು ಸೇನೆಗೆ ಸೇರುವಾಗಿನ ಮೆಡಿಕಲ್ ಕಾಗದವನ್ನೂ ಅದರಲ್ಲೇ ಕೇಳಿ.

ಕಾಗದ ಬಂದ ಮೇಲೆ ಕಾರಣ ಬರೆದ ಜಾಗ ಹುಡುಕಿ. ನನ್ನದರಲ್ಲಿ ಇದ್ದದ್ದು ಇಷ್ಟೇ: ಕಾಯಿಲೆ ಪೀಸ್ ಸ್ಟೇಷನ್‌ನಲ್ಲಿ (ಗಡಿಯಿಂದ ದೂರದ, ಕಷ್ಟ ಕಡಿಮೆ ಇರುವ ಠಾಣೆಯಲ್ಲಿ) ಶುರುವಾಗಿದೆ. ನಿಜ, ಬಿ.ಪಿ. ಇದೆ ಅಂತ ಗೊತ್ತಾದದ್ದು ಅಲ್ಲೇ. ಆದರೆ ಅದಕ್ಕೆ ಮೂರು ತಿಂಗಳ ಹಿಂದಷ್ಟೇ ನಾನು ಲಡಾಖ್‌ನ ಎತ್ತರದ ಪೋಸ್ಟ್‌ನಿಂದ ಇಳಿದು ಬಂದಿದ್ದೆ! ಆ ತಾರೀಕುಗಳನ್ನು ಎದುರುಬದುರು ಇಟ್ಟು ಒಂದೇ ಪುಟ ಬರೆದೆ. ಮೊದಲಿನ ನಾಲ್ಕು ಪುಟ ಮಾಡದ ಕೆಲಸವನ್ನು, ಕೊನೆಗೆ ಸೇನೆಯವರ ದಾವೆ ಕೇಳುವ ಟ್ರಿಬ್ಯೂನಲ್‌ನಲ್ಲಿ, ಆ ಒಂದು ಪುಟ ಮಾಡಿತು.

ಕಾನೂನು ನಿಮ್ಮ ಕಡೆ ಇರುವುದು ಎಲ್ಲಿ ಅಂದರೆ, 2013ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನ ಆ ಸೈನಿಕರಿಗೆ ಫಿಟ್ಸ್ ಬರುತ್ತಿತ್ತು, ಅದಕ್ಕೇ ಹೊರಗೆ ಕಳಿಸಿದ್ದರು, ಪೆನ್ಷನ್ ಕೊಟ್ಟಿರಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸೇರುವಾಗ ಕಾಯಿಲೆಯ ಬಗ್ಗೆ ಏನೂ ಬರೆದಿಲ್ಲ ಅಂದರೆ, ಆಗ ಅವನು ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು. ಆಮೇಲೆ ಆರೋಗ್ಯ ಕೆಟ್ಟರೆ ಅದು ಸೇವೆಯಿಂದ ಅಂತ ಹಿಡಿಯಬೇಕು. ಅಲ್ಲ ಅನ್ನುವ ಬೋರ್ಡ್ ಕಾರಣ ಕೊಡಬೇಕು. ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ. ನಿಮ್ಮ ತಂದೆ 2021ರಲ್ಲೇ ಹೊರಬಂದದ್ದು ಒಳ್ಳೆಯದೇ ಆಯಿತು. 2023ರ ಸೆಪ್ಟೆಂಬರ್ 21ರ ನಂತರ ಬಂದವರಿಗೆ ಬೇರೆ ನಿಯಮ ಇದೆ.

ಒಂದು ಎಚ್ಚರಿಕೆ. ಬೋರ್ಡ್ ಕಾಗದದಲ್ಲಿ ಕುಡಿತ ಅಥವಾ ತಂಬಾಕು ಕಾರಣ ಅಂತ ಬರೆದಿದ್ದರೆ ದಾರಿ ಕಷ್ಟ. ಅದನ್ನು ಮುಚ್ಚಿಡದೆ ವಕೀಲರಿಗೆ ಮೊದಲೇ ಹೇಳಿ.

ಈಗ ಹಂತಗಳು. ವಜಾ ಪತ್ರ ಬಂದ ಆರು ತಿಂಗಳೊಳಗೆ ಮೊದಲನೇ ಅಪೀಲು ಹಾಕಬೇಕಿತ್ತು. ತಡವಾದದ್ದಕ್ಕೆ ಕಾರಣ ಬರೆದು ಮನ್ನಿಸಲು ಕೇಳಿ. ಅಲ್ಲೂ ಆಗದಿದ್ದರೆ ಎರಡನೇ ಅಪೀಲು. ಆಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಪೀಲು ಹಾಕಿ ಆರು ತಿಂಗಳಾದರೂ ಆದೇಶವೇ ಬರದಿದ್ದರೆ ಕಾಯುತ್ತಾ ಕೂರಬೇಡಿ, ಟ್ರಿಬ್ಯೂನಲ್‌ಗೆ ಹೋಗಬಹುದು. ವಕೀಲರ ಖರ್ಚು ಭಾರ ಅನ್ನಿಸಿದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ನೋಡಿ. ಅಪೀಲಿನ ಕಾಗದ ಬರೆಯಲು ನನಗೆ ಸಹಾಯ ಸಿಕ್ಕಿದ್ದು ಅಲ್ಲೇ.

"ಇಷ್ಟು ಓಡಾಟಕ್ಕೆ ಎಷ್ಟು ಸಿಗುತ್ತೆ" ಅಂತ ತಂದೆ ಕೇಳಿದರು ಅಂದಿರಿ. ಲೆಕ್ಕ ಹೇಳುತ್ತೇನೆ. 100% ಅಂಗವೈಕಲ್ಯಕ್ಕೆ ಕೊನೆಯ ಸಂಬಳದ 30%. ಕೊನೆಯ ಸಂಬಳ 40,000 ಅಂತ ಇಟ್ಟುಕೊಳ್ಳಿ, ಆಗ ಅದು 12,000. ಅವರದು 30% ಆದ್ದರಿಂದ 3,600 ಆಗಬೇಕು. ಆದರೆ 50ಕ್ಕಿಂತ ಕಡಿಮೆ ಇರುವುದನ್ನು 50 ಅಂತಲೇ ಹಿಡಿಯುತ್ತಾರೆ. ಅವಧಿ ಮುಗಿಸಿ ಬಂದವರಿಗೂ ಇದು ಅನ್ವಯಿಸುತ್ತದೆ ಅಂತ 2014ರ ರಾಮ್ ಅವತಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ತಿಂಗಳಿಗೆ 6,000, ಮೇಲೆ ತುಟ್ಟಿಭತ್ಯೆ. ಈಗ ಬರುವ ಪೆನ್ಷನ್ ಜೊತೆಗೆ ಸೇರುವ ದುಡ್ಡು ಇದು. ಅಪೀಲಿನಲ್ಲಿ ಈ 50%ರ ಮಾತನ್ನೂ ಬರೆದು ಕೇಳಿ, ಕೇಳದೆ ಬಿಡಬೇಡಿ.

ಇನ್ನೊಂದು. ತಡವಾಗಿ ಬಂದವರಿಗೆ ಹಿಂಬಾಕಿ ಸಾಮಾನ್ಯವಾಗಿ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸಿಗುತ್ತದೆ. ಅಂದರೆ ಇನ್ನು ಕಳೆಯುವ ಒಂದೊಂದು ತಿಂಗಳಿಗೂ ಒಂದೊಂದು ತಿಂಗಳ ದುಡ್ಡು ಹೋಗುತ್ತದೆ. ಈ ವಾರವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಂಗಿ.

ಬೋರ್ಡ್ ಕಾಗದ ಕೈಗೆ ಬಂದಾಗ ಕಾರಣದ ಆ ಸಾಲನ್ನು ಇಲ್ಲಿ ಬರೆಯಿರಿ, ಹೆಸರು ನಂಬರ್ ಬೇಡ. ತಂದೆಯವರ ಪೋಸ್ಟಿಂಗ್ ತಾರೀಕುಗಳನ್ನೂ ಹಾಕಿ. ಎರಡನ್ನೂ ಹೇಗೆ ಎದುರುಬದುರು ಇಡಬೇಕು ಅಂತ ನಾನು ಹೇಳಿಕೊಡುತ್ತೇನೆ.