ಅಮ್ಮನ ತೋಳಿನ ಸೆನ್ಸರ್, ಮಗನ ಫೋನಿನ ಅಲಾರಂ

ಗುರುತು ಸಿಗಬಾರದೆಂದು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಆದರೆ ಇಂಥದ್ದೇ ದೂರು ಬೇರೆ ಬೇರೆ ಮನೆಗಳಿಂದ ಬರುತ್ತಲೇ ಇದೆ. ಹೊರದೇಶದಲ್ಲಿರುವ ಮಕ್ಕಳು ಊರಿನಲ್ಲಿರುವ ತಾಯಿಗೋ ತಂದೆಗೋ ಸಕ್ಕರೆ ಅಳೆದು ಅವರ ಫೋನಿಗೂ ಮಕ್ಕಳ ಫೋನಿಗೂ ಅಂಕಿ ಕಳಿಸುವ ಸೆನ್ಸರ್ ಹಾಕಿಸುತ್ತಾರೆ. ನಾಲ್ಕೈದು ದಿನಕ್ಕೆ ಅದು ‘ಕಿತ್ತು ಬಂದಿರುತ್ತದೆ’.

ಈಕೆಗೆ 68 ವರ್ಷ, ಮೈಸೂರಿನಲ್ಲಿ ಒಬ್ಬರೇ ಇದ್ದಾರೆ. ಬೆಳಿಗ್ಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ, ರಾತ್ರಿ ಇನ್ಸುಲಿನ್. ಮಗ ನ್ಯೂಜೆರ್ಸಿಯಲ್ಲಿ. “ದೊಡ್ಡಮ್ಮಂಗೆ ಹೊಸದು ಅಂದ್ರೆ ಆಗಲ್ಲ” ಎಂದು ಕರೆತಂದವಳು ತಂಗಿಯ ಮಗಳು. ಹಾಗೇನೂ ಕಾಣಲಿಲ್ಲ. ಇನ್ಸುಲಿನ್ ಪೆನ್ನಿಗೆ ಹೊಸ ಸೂಜಿ ಹಾಕಿ, 2 ಯೂನಿಟ್ ಹೊರಗೆ ಬಿಟ್ಟು, ಹನಿ ಬಂತೆಂದು ನೋಡಿಯೇ ಚುಚ್ಚಿಕೊಳ್ಳುವ ಹೆಂಗಸು. ಹಾಲಿನವನಿಗೆ ಫೋನ್‌ಪೇ ಮಾಡುತ್ತಾರೆ.

ಮೊದಲು ಅಂಟಿನ ವಿಷಯ ವಿಚಾರಿಸಿದೆ, ಏಕೆಂದರೆ ಎಷ್ಟೋ ಸಲ ತೊಂದರೆ ನಿಜಕ್ಕೂ ಅಲ್ಲೇ ಇರುತ್ತದೆ. ಸೆನ್ಸರ್ ಕೂರುವುದು ಮೇಲ್ತೋಳಿನ ಹಿಂಬದಿಯಲ್ಲಿ. ಕೊಬ್ಬರಿ ಎಣ್ಣೆ ಹಚ್ಚಿದ ಚರ್ಮಕ್ಕೆ ಅಂಟು ಹಿಡಿಯದು. ಸೋಪಿನಿಂದ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಒತ್ತಬೇಕು. ರವಿಕೆ ತೋಳಿನ ಅಂಚು ಅದರ ಮೇಲೇ ಬಂದರೆ ಪ್ರತಿ ಸಲ ಬಟ್ಟೆ ಬದಲಿಸುವಾಗಲೂ ಒಂದಿಷ್ಟು ಎಬ್ಬಿಸುತ್ತದೆ. ಈಕೆ ಇದನ್ನೆಲ್ಲ ಸರಿಯಾಗೇ ಮಾಡಿದ್ದರು.

ಆಮೇಲೆ ಫೋನಿನಲ್ಲಿದ್ದ ವರದಿ ನೋಡಿದೆ. ಸಕ್ಕರೆಯ ಏರಿಳಿತ ತೋರಿಸುವ ಗೆರೆ ಅಲ್ಲಲ್ಲಿ ಕಡಿದಿತ್ತು. ಅವರು ಬಳಸುತ್ತಿದ್ದ ಸೆನ್ಸರ್ ಅಂಕಿಗಳನ್ನು ತನ್ನೊಳಗೆ 8 ಗಂಟೆ ಮಾತ್ರ ಇಟ್ಟುಕೊಳ್ಳುತ್ತದೆ. ಅದಕ್ಕೂ ಹೆಚ್ಚು ಹೊತ್ತು ಫೋನ್ ದೂರವಿದ್ದರೆ ಹಳೆಯದು ಹೋಯಿತು. ಗೆರೆ ಕಡಿದದ್ದು ಹಬ್ಬದ ದಿನ, ನೆಂಟರ ಮನೆಯ ಗೃಹಪ್ರವೇಶದ ದಿನ. “ಫೋನ್ ಮನೇಲೇ ಬಿಟ್ಟು ಹೋಗಿದ್ರಾ ಅಮ್ಮ?” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಮೊದ್ಲು ಫೋನ್ ಮಾಡಿದ್ರೆ ‘ಊಟ ಆಯ್ತಾ ಅಮ್ಮ’ ಅಂತಿದ್ದ. ಈಗ ‘ಏನ್ ತಿಂದೆ’ ಅಂತಾನೆ.”

ಉಳಿದದ್ದು ಆಮೇಲೆ ಬಂತು. ಒಬ್ಬಟ್ಟು ತಿಂದ ಮುಕ್ಕಾಲು ಗಂಟೆಗೆ ಕರೆ, ಮಾವಿನಹಣ್ಣಿಗೆ ಕರೆ. ಒಂದು ರಾತ್ರಿ 2 ಗಂಟೆಗೆ, ಮಗ ಅಲ್ಲಿ ಆಫೀಸಿನಲ್ಲಿರುವ ಹೊತ್ತಿಗೆ, 58 ಎಂದು ಅಲಾರಂ. ಅಮ್ಮ ಫೋನೆತ್ತಲಿಲ್ಲ, ಮಗ ಪಕ್ಕದ ಮನೆಯವರನ್ನು ಎಬ್ಬಿಸಿದ, ಅವರು ಬಾಗಿಲು ಬಡಿದರು. ಬೆರಳು ಚುಚ್ಚಿ ನೋಡಿದರೆ 112. ಸೆನ್ಸರ್ ಇದ್ದ ಮಗ್ಗುಲಿಗೇ ಮಲಗಿದ್ದರು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವದಲ್ಲಿರುವ ಸಕ್ಕರೆಯನ್ನು. ತೋಳಿನ ಮೇಲೆ ಮೈಭಾರ ಬಿದ್ದು ಆ ದ್ರವದ ಹರಿವು ಕುಗ್ಗಿದರೆ ಅಂಕಿ ಸುಳ್ಳೇ ಇಳಿಯುತ್ತದೆ. ಇದನ್ನು ಆ ಮನೆಯಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಸೆನ್ಸರನ್ನು ಅವರೇ ಕಿತ್ತರು.

ಮಗನನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು ಕೊಟ್ಟ ಸಲಹೆ ಇದು. ಸಕ್ಕರೆ ಏರಿದಾಗಿನ ಅಲಾರಂ ಅವನ ಫೋನಿನಲ್ಲಿ ಬಂದ್. ಇಳಿದಾಗಿನದು, 70ಕ್ಕೆ, ಇರಲಿ. ಅದು ಕೂಗಿದರೆ ಮೊದಲು ಅಮ್ಮನಿಗೆ ಕರೆ. ಅವರು ಮಗ್ಗುಲು ಬದಲಿಸಿ ಬೆರಳು ಚುಚ್ಚಿ ನೋಡಲಿ. ನಿಜಕ್ಕೂ 70ರ ಕೆಳಗಿದ್ದರೆ, ಅಥವಾ ಚುಚ್ಚಿ ನೋಡಲಾಗದಷ್ಟು ನಡುಕ ಬೆವರು ಇದ್ದರೆ, ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡುವುದು. ಸೆನ್ಸರ್ ರಕ್ತಕ್ಕಿಂತ ಹಿಂದೆ ಬೀಳುತ್ತದೆ. ಆಗ ಅದನ್ನೇ ನಂಬಿ ಕೂತರೆ ಇನ್ನೂ ಇಳಿದೇ ಇದೆ ಎಂದು ಬೇಡದ ಸಕ್ಕರೆ ತಿನ್ನುವಂತಾಗುತ್ತದೆ. ಕರೆ ಎತ್ತದಿದ್ದರೆ ಮಾತ್ರ ಪಕ್ಕದ ಮನೆ.

ಜೊತೆಗೆ, ಅಂಕಿ ಹಂಚುವುದನ್ನು ನಿಲ್ಲಿಸುವ ಜಾಗ ಅಮ್ಮನ ಫೋನಿನಲ್ಲೇ ಇದೆ ಎಂದು ತೋರಿಸಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಎರಡು ಸಲ ನಿಲ್ಲಿಸಿ, ಎರಡು ಸಲ ಶುರು ಮಾಡಿ ನೋಡಿದರು.

ಮಗ ರೇಗಿದ. “ಒಬ್ರೇ ಇರೋರಿಗೆ ಆಫ್ ಮಾಡೋದು ಹೇಳಿಕೊಡ್ತೀರಲ್ಲ ಮೇಡಂ?” ಅವನ ಭಯ ಸುಳ್ಳಲ್ಲ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಆದರೂ ಈ ಸಲಹೆಯನ್ನು ನಾನು ಬಿಟ್ಟುಕೊಡುವುದಿಲ್ಲ. ನಿಲ್ಲಿಸುವ ಅಧಿಕಾರ ಇಲ್ಲದವರು ಸೆನ್ಸರನ್ನೇ ಕಿತ್ತು ಬಿಸಾಕುತ್ತಾರೆ, ಆಗ ಇಳಿದದ್ದೂ ತಿಳಿಯುವುದಿಲ್ಲ. ಊಟದ ಮೇಲೆ ಒಮ್ಮೆ 220 ಮುಟ್ಟಿದ್ದಕ್ಕೆ ಎಂಟೂವರೆ ಸಾವಿರ ಮೈಲಿಯಾಚೆಯಿಂದ ಆ ಗಳಿಗೆಯಲ್ಲಿ ಮಾಡಲು ಏನೂ ಇಲ್ಲ, ಬೈಯುವುದೊಂದನ್ನು ಬಿಟ್ಟು. ಏರಿಕೆಯನ್ನು ನೋಡಬೇಕಾದದ್ದು 14 ದಿನದ ವರದಿಯಲ್ಲಿ. ವಯಸ್ಸಾದ, ಸಕ್ಕರೆ ಇಳಿಯುವ ಅಪಾಯ ಹೆಚ್ಚಿರುವವರಿಗೆ 70ರಿಂದ 180ರೊಳಗೆ ಅರ್ಧಕ್ಕಿಂತ ಹೆಚ್ಚು ಹೊತ್ತು ಇದ್ದರೆ ಸಾಕು, 70ರ ಕೆಳಗೆ ಮಾತ್ರ ಶೇ. 1ಕ್ಕಿಂತ ಕಡಿಮೆ ಇರಬೇಕು ಎಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಮಗ ಉಳಿದ ಹೆಚ್ಚಿನ ವಯಸ್ಕರಿಗೆ ಹೇಳಿರುವ ಶೇ. 70ರಷ್ಟು ಹೊತ್ತಿನ ಗುರಿ ಇಟ್ಟುಕೊಂಡು ಅಮ್ಮನನ್ನು ಫೇಲ್ ಮಾಡುತ್ತಿದ್ದ. ಔಷಧ ಹೆಚ್ಚು ಕಡಿಮೆ ಮಾಡುವುದು ವೈದ್ಯರಿಗೆ ಬಿಟ್ಟದ್ದು. ವರದಿ ಅವರಿಗೆ ಹೋಯಿತು.

ಇನ್ನು ಹೊಸದಾಗಿ ಹಾಕಿಸಲು ಹೊರಟಿರುವ ಮಕ್ಕಳಿಗೆ. ಅಂಕಿ ಯಾರು ನೋಡಬಹುದು, ಯಾವ ಅಂಕಿಗೆ ಕರೆ ಮಾಡಬಹುದು ಎಂದು ಅಪ್ಪ ಅಮ್ಮನನ್ನು ಕೇಳಿಯೇ ಶುರು ಮಾಡಿ. ರಾತ್ರಿ ಬಾಗಿಲು ಬಡಿಯಬೇಕಾದೀತು ಎಂದು ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ. ಸೆನ್ಸರ್ ಬಂತೆಂದು ಹಳೆಯ ಗ್ಲುಕೋಮೀಟರ್ ಅಟ್ಟಕ್ಕೆ ಹಾಕಬೇಡಿ, ಅದರ ಸ್ಟ್ರಿಪ್ ಡಬ್ಬಿಯ ಮೇಲಿನ ತಾರೀಖನ್ನು ನೋಡಿ. ಮುಚ್ಚಳ ತೆಗೆದ ಮೇಲೆ ಎಷ್ಟು ತಿಂಗಳು ಬರುತ್ತದೆ ಎಂಬುದೂ ಅಲ್ಲೇ ಬರೆದಿರುತ್ತದೆ.