ಬೆಳಗಾವಿ ವಿಮಾನ ನಿಲ್ದಾಣಕ್ಕೆ ಇಷ್ಟು ದುಡ್ಡು ಹಾಕಿದರೆ, ವಿಮಾನ ಹತ್ತದವರಿಗೆ ಏನು ಲಾಭ?

ಲಾಭ ಇದೆ, ಆದರೆ ಸುತ್ತಿ ಬಳಸಿ ಬರುತ್ತದೆ. ನಿಲ್ದಾಣ ಇರುವ ಸಾಂಬ್ರಾದಲ್ಲಿ 2017ರಲ್ಲಿ ಹೊಸ ಟರ್ಮಿನಲ್ ಬಂತು, ರನ್‌ವೇ 2,300 ಮೀಟರಿಗೆ ಬೆಳೆಯಿತು. ಹೀಗಾಗಿ ದೊಡ್ಡ ವಿಮಾನಗಳೂ ಇಳಿಯಬಹುದು.

ಈಗ ನಮ್ಮ ಫೌಂಡ್ರಿಗಳನ್ನೇ ನೋಡಿ. ಎರಕದ ಮಾಲು ಭಾರ, ಲಾರಿಯಲ್ಲೇ ಹೋಗುತ್ತದೆ. ಆದರೆ ಆರ್ಡರ್ ಕೊಡುವ ಮುಂಚೆ ಗಿರಾಕಿ ಬಂದು ಕಾರ್ಖಾನೆ ನೋಡಬೇಕು, ಅಲ್ವಾ? ದಾರಿಯಲ್ಲೇ ದಿನ ಕಳೆಯುವುದಾದರೆ ಅವನು ಕೊಲ್ಹಾಪುರವನ್ನೋ ಪುಣೆಯನ್ನೋ ಆರಿಸುತ್ತಾನೆ. ನಮ್ಮ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವವರಿಗಂತೂ ವಿದೇಶಿ ಗಿರಾಕಿಗಳೇ ಜಾಸ್ತಿ. ಆರ್ಡರ್ ಬಂದರೆ ಲೇತ್ ನಡೆಸುವವನಿಗೆ ಕೆಲಸ. ಹೋಟೆಲ್, ಟ್ಯಾಕ್ಸಿಯವರ ಪಾಲು ಇದ್ದೇ ಇದೆ.

ಕಟ್ಟಡ ಕಟ್ಟಿ ಸುಮ್ನೆ ಕೂತರೆ ಮಾತ್ರ ಏನೂ ಆಗದು. ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರದ ಉಡಾನ್ ಯೋಜನೆಯಲ್ಲಿ ವಿಮಾನ ಕಂಪನಿಗೆ ಸಿಗುವ ಸಬ್ಸಿಡಿ ಒಂದು ಮಾರ್ಗಕ್ಕೆ ಸಾಮಾನ್ಯವಾಗಿ ಮೂರು ವರ್ಷ. ಆಮೇಲೆ ಸೀಟು ತುಂಬದಿದ್ದರೆ ಕಂಪನಿ ಆ ವಿಮಾನವನ್ನು ಬೇರೆ ಊರಿಗೆ ತಿರುಗಿಸುತ್ತದೆ.