ಕಾಯುವವರಿಲ್ಲದ ಕುರಿಗಳು

ಪ್ರಶ್ನೆ: ನೇತ್ರಾಣಿ ಗುಡ್ಡದ ಕಾಡು ಆಡುಗಳನ್ನು ನಾನು ದೋಣಿಯಿಂದ ಕಂಡಿದ್ದೇನೆ. ಸ್ಕಾಟ್ಲೆಂಡಿನ ನಿರ್ಜನ ದ್ವೀಪವೊಂದರಲ್ಲಿಯೂ ಹೀಗೆಯೇ ಕುರಿಗಳಿವೆಯಂತೆ. ಕಾಯುವವರು, ತುಪ್ಪಟ ಕತ್ತರಿಸುವವರು ಇಲ್ಲದೆ ಅವು ಬದುಕುವುದು ಹೇಗೆ? ಕಡಲಹಕ್ಕಿಗಳಿಗೆ ಅವುಗಳಿಂದ ತೊಂದರೆಯಿಲ್ಲವೇ?
– ಓದುಗರೊಬ್ಬರು, ಭಟ್ಕಳ

ಉತ್ತರ: ತಾವು ಕೇಳಿರುವುದು ಸೇಂಟ್ ಕಿಲ್ಡಾ ದ್ವೀಪಸಮೂಹದ ಬೋರರೇ ಇರಬೇಕು. ಪಕ್ಕದ ಹಿರ್ಟಾ ದ್ವೀಪದಲ್ಲಿ ಉಳಿದಿದ್ದ 36 ಮಂದಿ, ತಾವೇ ಸರ್ಕಾರಕ್ಕೆ ಮನವಿ ಬರೆದುಕೊಂಡು, 1930ರ ಆಗಸ್ಟ್ 29ರಂದು ಊರು ತೊರೆದರು. ಹಿರ್ಟಾದ ಕುರಿಗಳನ್ನು ಹಡಗಿಗೆ ಹತ್ತಿಸಲಾಯಿತಾದರೂ, 384 ಮೀಟರ್ ಎತ್ತರಕ್ಕೆ ಕಡಿದಾಗಿ ಎದ್ದಿರುವ, ದೋಣಿ ತಾಗಿಸುವುದೇ ದುಸ್ತರವಾದ ಬೋರರೇಯಲ್ಲಿ ಮೇಯುತ್ತಿದ್ದವು ಅಲ್ಲಿಯೇ ಉಳಿದವು. ಇಂದಿನವು ಅವುಗಳ ಸಂತತಿ.

ತುಪ್ಪಟದ ಚಿಂತೆ ಅವಕ್ಕಿಲ್ಲ. ಈ ಹಳೆಯ ತಳಿಗಳಲ್ಲಿ ಅದು ವರ್ಷಕ್ಕೊಮ್ಮೆ ತಾನಾಗಿಯೇ ಕಳಚಿ ಬೀಳುತ್ತದೆ. ಬೇಟೆಯಾಡುವ ಮೃಗಗಳೂ ಅಲ್ಲಿಲ್ಲ. ಕುರಿಗಳ ಸಂಖ್ಯೆಗೆ ಕಡಿವಾಣ ಹಾಕುವುದು ಚಳಿಗಾಲದ ಹಸಿವು. ಸೋಯೆ ಎಂಬ ಇನ್ನೊಂದು ದ್ವೀಪದಿಂದ 1932ರಲ್ಲಿ ಹಿರ್ಟಾಗೆ ತಂದುಬಿಟ್ಟ 107 ಕುರಿಗಳ ಸಂತತಿಯನ್ನು ವಿಜ್ಞಾನಿಗಳು 1985ರಿಂದ ವರ್ಷವೂ ಎಣಿಸುತ್ತಿದ್ದಾರೆ. ಹಿಂಡು ಮಿತಿಮೀರಿ ಬೆಳೆದ ವರ್ಷ ಚಳಿಯೂ ಕಟುವಾದರೆ ಅರ್ಧಕ್ಕಿಂತ ಹೆಚ್ಚು ಕುರಿಗಳು ಸತ್ತುಹೋಗುವುದುಂಟು. ಮೇವು ಒಯ್ದು ಹಾಕುವವರಿಲ್ಲ, ಹಾಕಬಾರದೆಂಬುದೇ ಅಲ್ಲಿಯ ಕ್ರಮ.

ಹಕ್ಕಿಗಳ ವಿಷಯಕ್ಕೆ ಬಂದರೆ, ಬೋರರೇ ಮತ್ತು ಅದರ ಬದಿಯ ಎರಡು ಕಲ್ಲುಗೋಪುರಗಳಲ್ಲಿ ಹತ್ತಾರು ಸಾವಿರ ಜೋಡಿ ಗ್ಯಾನೆಟ್‌ಗಳು ಗೂಡು ಕಟ್ಟುತ್ತವೆ. ಅವುಗಳ ಗೂಡು ಬಂಡೆಯ ಅಂಚಿನಲ್ಲಿ, ಕುರಿಗಳ ಮೇವು ಇಳಿಜಾರಿನ ಹುಲ್ಲಿನಲ್ಲಿ. ಆ ಹುಲ್ಲಿಗೆ ಹಕ್ಕಿಗಳ ಹಿಕ್ಕೆಯೇ ಗೊಬ್ಬರ. ಹಾಗೆಂದು ಕುರಿಯನ್ನು ಪೂರ್ತಿ ಸಾಧುವೆಂದು ನಂಬುವಂತಿಲ್ಲ. ಶೆಟ್ಲೆಂಡಿನ ಫೌಲಾ ದ್ವೀಪದಲ್ಲಿ ಕುರಿಗಳು ನೆಲದ ಮೇಲಿನ ಟರ್ನ್ ಹಕ್ಕಿಯ ಮರಿಗಳ ಕಾಲು, ರೆಕ್ಕೆಗಳನ್ನು ಕಚ್ಚಿ ತಿಂದದ್ದು ದಾಖಲಾಗಿದೆ. ಮೇವಿನಲ್ಲಿ ಸಿಗದ ಖನಿಜಾಂಶಕ್ಕಾಗಿ ಎಲುಬನ್ನು ಹುಡುಕುತ್ತವೆಯೆಂದು ಅದನ್ನು ವಿವರಿಸುತ್ತಾರೆ. ಆದರೂ ಇಂತಹ ದ್ವೀಪಗಳಲ್ಲಿ ನಿಜವಾದ ಭಯ ಇಲಿಯದು. ಮೊಟ್ಟೆ, ಮರಿ ಎರಡನ್ನೂ ಅದು ಬಿಡುವುದಿಲ್ಲವಾದ್ದರಿಂದ, ಸೇಂಟ್ ಕಿಲ್ಡಾಕ್ಕೆ ಹೋಗುವ ದೋಣಿಗಳಲ್ಲಿ ಒಂದು ಇಲಿಯೂ ಇರದಂತೆ ನೋಡಿಕೊಳ್ಳುತ್ತಾರೆ.

ನೇತ್ರಾಣಿಯ ಲೆಕ್ಕ ಬೇರೆ. ಕುರಿ ನೆಲದ ಹುಲ್ಲಿಗೆ ಬಾಯಿಟ್ಟರೆ ಆಡು ಚಿಗುರು, ಸಸಿಗಳಿಗೆ ಬಾಯಿಡುತ್ತದೆ. ಅಲ್ಲಿಯ ಬಿಳಿಹೊಟ್ಟೆಯ ಕಡಲ ಹದ್ದಿಗೆ ಗೂಡು ಕಟ್ಟಲು ಎತ್ತರದ ಮರ ಬೇಕು. ಇಂದಿನ ಮರ ಬಿದ್ದಾಗ ಅದರ ಜಾಗಕ್ಕೆ ಬರಬೇಕಾದದ್ದು ಆಡು ತಿನ್ನದೆ ಬಿಟ್ಟ ಸಸಿ. ಮರವೇ ಇಲ್ಲದ ಬೋರರೇಯ ಅನುಭವವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.